ಎಳೆತ ಎಲ್ಲಿಗೆ ಹೋಗಬೇಕು: ಕ್ಯಾಥೆಟರ್ ಮತ್ತು ಇಂಪ್ಲಾಂಟ್‌ಗಳನ್ನು ಭದ್ರವಾಗಿ ಹಿಡಿಯುವ ಸಾಧನವನ್ನು ರೂಪಿಸುವ ಕ್ರಮ

ರೋಗಿಯ ದೇಹಕ್ಕೆ ಸೇರಿಸಿದ ನಳಿಕೆಯೊಂದು (ಕ್ಯಾಥೆಟರ್) ಜಾರಿ ಹೊರಬಂದರೆ ಮತ್ತೆ ಹಾಕಿದರಾಯಿತು ಎಂದು ಹೊರಗಿನಿಂದ ನೋಡುವವರಿಗೆ ಅನ್ನಿಸಬಹುದು. ಮತ್ತೆ ಹಾಕುವುದೆಂದರೆ ಇನ್ನೊಂದು ಸಲ ಚುಚ್ಚಬೇಕು, ಸೋಂಕಿಗೆ ಇನ್ನೊಂದು ದಾರಿ ತೆರೆಯಬೇಕು, ಅಷ್ಟು ಹೊತ್ತು ಔಷಧ ನಿಲ್ಲಬೇಕು, ಈಗಾಗಲೇ ಬಳಲಿದ ಅಭಿಧಮನಿಯಲ್ಲಿ ಹೊಸ ಜಾಗ ಹುಡುಕಬೇಕು. ದೇಹದ ಒಳಗೆ ನೆಟ್ಟ ಇಂಪ್ಲಾಂಟ್ ಕದಲಿದರೆ ಬಹಳ ಸಲ ಮರುಶಸ್ತ್ರಕ್ರಿಯೆಯೇ ಗತಿ. ಇಷ್ಟೆಲ್ಲವನ್ನೂ ತಡೆಯಬೇಕಾದ ಹಿಡಿಕೆ ಸಾಧನವು ಹಲವು ವೇಳೆ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದು, ನೋಡಲು ಸರಳವಾದದ್ದು. ಆದ್ದರಿಂದಲೇ ಅದನ್ನು ರೂಪಿಸುವುದು ಸುಲಭವೆಂಬ ಭ್ರಮೆ ಹುಟ್ಟುತ್ತದೆ. ಅಂಥ ಸಾಧನವೊಂದನ್ನು ಹೊಸದಾಗಿ ರೂಪಿಸಲು ಹೊರಟಿರುವ ಎಂಜಿನಿಯರ್, ವೈದ್ಯ, ನರ್ಸ್ ಅಥವಾ ವಿನ್ಯಾಸದ ವಿದ್ಯಾರ್ಥಿಗೆ ಉಪಯೋಗವಾಗಲೆಂದು ಕೆಲಸದ ಕ್ರಮವನ್ನು ಇಲ್ಲಿ ವಿವರಿಸಿದೆ.

ಮೊದಲು ಬಲದ ದಾರಿಯನ್ನು ಬರೆಯಿರಿ

ಕಾಗದದ ಮೇಲೆ ಸಾಧನದ ಆಕಾರವನ್ನು ಬಿಡಿಸುವ ಮೊದಲು, ನಳಿಕೆಯನ್ನು ಯಾರೋ ಅಕಸ್ಮಾತ್ತಾಗಿ ಎಳೆದಾಗ ಆ ಬಲ ಯಾವ ಯಾವ ಭಾಗವನ್ನು ದಾಟಿ ಎಲ್ಲಿ ಕೊನೆಗೊಳ್ಳುತ್ತದೆ ಎಂಬುದನ್ನು ಬಿಡಿಸಿಕೊಳ್ಳಬೇಕು. ಯಾವ ಸಾಧನವೂ ಬಲವನ್ನು ಇಲ್ಲವಾಗಿಸುವುದಿಲ್ಲ, ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ ಅಷ್ಟೆ. ಎಲ್ಲಿಗೆ ಸಾಗಿಸಬೇಕೆಂದು ವಿನ್ಯಾಸಕಾರ ನಿರ್ಧರಿಸದಿದ್ದರೆ, ಇರುವುದರಲ್ಲಿ ಅತಿ ದುರ್ಬಲವಾದ ಭಾಗವೇ ಅದನ್ನು ಹೊರುತ್ತದೆ, ಮತ್ತು ಆ ಭಾಗ ಸಾಮಾನ್ಯವಾಗಿ ರೋಗಿಯ ದೇಹವೇ ಆಗಿರುತ್ತದೆ.

ಮೂತ್ರಕೋಶಕ್ಕೆ ಹಾಕುವ ಫೋಲಿ ಕ್ಯಾಥೆಟರ್ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಮೂತ್ರರೋಗತಜ್ಞ ಫ್ರೆಡರಿಕ್ ಫೋಲಿ 1930ರ ದಶಕದಲ್ಲಿ ಬಳಕೆಗೆ ತಂದ ಈ ನಳಿಕೆಯ ತುದಿಯಲ್ಲಿ ಒಂದು ಪುಟ್ಟ ಬಲೂನು ಇದೆ. ಒಳಗೆ ಸೇರಿಸಿದ ಮೇಲೆ ಅದಕ್ಕೆ ಶುದ್ಧೀಕರಿಸಿದ ನೀರು ತುಂಬಿಸಿದರೆ ನಳಿಕೆ ಹೊರಕ್ಕೆ ಜಾರುವುದಿಲ್ಲ. ಉಪ್ಪುನೀರಿನ ದ್ರಾವಣ ತುಂಬಿಸಿದರೆ ಹರಳುಗಟ್ಟಿ ಬಲೂನಿನ ದಾರಿ ಮುಚ್ಚಿಹೋಗಬಹುದು, ಆಗ ಬಲೂನನ್ನು ಖಾಲಿಮಾಡಿ ನಳಿಕೆಯನ್ನು ತೆಗೆಯುವುದೇ ಕಷ್ಟವಾಗುತ್ತದೆ. ಈಗ ಒಂದು ಸಣ್ಣ ಲೆಕ್ಕ ಮಾಡೋಣ. 10 ಮಿಲಿಲೀಟರ್ ನೀರು ತುಂಬಿದ ಬಲೂನನ್ನು ಗೋಲವೆಂದು ಭಾವಿಸಿದರೆ ಅದರ ವ್ಯಾಸ ಸುಮಾರು 2.7 ಸೆಂಟಿಮೀಟರ್. ನಳಿಕೆಗಳ ದಪ್ಪವನ್ನು ಅಳೆಯುವ ಫ್ರೆಂಚ್ ಅಳತೆಯಲ್ಲಿ ಒಂದು ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ. ಹಾಗಾಗಿ 16 ಫ್ರೆಂಚ್ ನಳಿಕೆಯ ಹೊರವ್ಯಾಸ ಸುಮಾರು 5.3 ಮಿಲಿಮೀಟರ್. ಗೊಂದಲದಲ್ಲಿರುವ ರೋಗಿ ಉಬ್ಬಿದ ಬಲೂನಿನ ಸಮೇತ ನಳಿಕೆಯನ್ನು ಎಳೆದುಕೊಂಡರೆ, ಐದು ಮಿಲಿಮೀಟರಿನ ನಳಿಕೆ ಕುಳಿತಿದ್ದ ದಾರಿಯಲ್ಲಿ ಅದರ ಐದು ಪಟ್ಟು ಅಗಲದ ಗೋಲ ನುಗ್ಗಬೇಕಾಗುತ್ತದೆ. ಮೂತ್ರಮಾರ್ಗ ಹರಿದು ರಕ್ತ ಸುರಿಯುತ್ತದೆ. ಬಲೂನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ, ಆದರೆ ಎಳೆತ ಬಲೂನಿನವರೆಗೆ ತಲುಪಿದ್ದೇ ತಪ್ಪು. ಆದಕಾರಣ ನಳಿಕೆಯನ್ನು ತೊಡೆಗೋ ಕಿಬ್ಬೊಟ್ಟೆಗೋ ಬಂಧಿಸಿ, ಆ ಬಂಧಕ್ಕೂ ದೇಹದ ದ್ವಾರಕ್ಕೂ ನಡುವೆ ನಳಿಕೆಯನ್ನು ಸಡಿಲವಾಗಿ ಬಾಗಿಸಿ ಬಿಡುತ್ತಾರೆ. ಹೊರಗಿನ ಎಳೆತ ತೊಡೆಯ ಚರ್ಮದಲ್ಲೇ ನಿಲ್ಲುತ್ತದೆ, ಕಾಲಿನ ಚಲನೆ ಸಡಿಲದಲ್ಲಿ ಕರಗುತ್ತದೆ.

ಇದರಿಂದ ಒಂದು ನಿಯಮ ಹೊರಡುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಇಡೀ ವಿನ್ಯಾಸಕ್ಕೆ ಅದೇ ಆಧಾರ: ಬಲ ಮಿತಿಮೀರಿದಾಗ ಯಾವುದು ಮೊದಲು ಬಿಟ್ಟುಕೊಡಬೇಕು ಎಂಬ ಸರದಿಯನ್ನು ಮುಂಚೆಯೇ ಬರೆದಿಡಬೇಕು. ಮೊದಲು ಹೊರಗಿನ ಜೋಡಣೆ ಬಿಚ್ಚಿಕೊಳ್ಳಲಿ, ಅನಂತರ ಅಂಟುಪಟ್ಟಿ ಕಳಚಲಿ, ಅದರ ನಂತರವೂ ಎಳೆತ ಉಳಿದಿದ್ದರೆ ಮಾತ್ರ ನಳಿಕೆ ಜಾರಲಿ. ನಳಿಕೆ ತುಂಡಾಗುವುದಾಗಲಿ ಅಂಗಾಂಶ ಹರಿಯುವುದಾಗಲಿ ಸರದಿಯಲ್ಲಿ ಇರಲೇಬಾರದು. ಮಿತಿಮೀರಿದ ಎಳೆತಕ್ಕೆ ತಾವಾಗಿ ಬೇರ್ಪಟ್ಟು ಎರಡೂ ಬದಿಯ ದಾರಿಯನ್ನು ಮುಚ್ಚಿಕೊಳ್ಳುವ ಜೋಡಣೆಗಳು ಹುಟ್ಟಿದ್ದು ಈ ಆಲೋಚನೆಯಿಂದಲೇ. ಎಂದೂ ಬಿಡದ ಹಿಡಿಕೆಯನ್ನು ಮಾಡುವುದು ತಾಂತ್ರಿಕವಾಗಿ ಕಷ್ಟವಲ್ಲ, ಆದರೆ ಅಂಥದ್ದನ್ನು ರೋಗಿಗೆ ಹಾಕುವುದು ಅಪಾಯ.

ಹಾಸಿಗೆಯ ಪಕ್ಕದಲ್ಲಿ ನಿಂತು ನೋಡುವುದು

ಮುಂದಿನ ಹೆಜ್ಜೆ ವೀಕ್ಷಣೆ. ಅನುಮತಿ ಪಡೆದು, ವಾರ್ಡಿನಲ್ಲಿ ಹಗಲು ರಾತ್ರಿ ಎರಡೂ ಪಾಳಿಯಲ್ಲಿ ನಿಂತು ನೋಡಬೇಕು. ನಳಿಕೆಯನ್ನು ಹಾಕುವವರು ಒಬ್ಬರು, ಅದರ ಆರೈಕೆ ಮಾಡುವವರು ಮತ್ತೊಬ್ಬರು, ತೆಗೆಯುವವರು ಮೂರನೆಯವರು. ಮೂವರ ಕಷ್ಟವೂ ಬೇರೆ ಬೇರೆ. ನರ್ಸ್ ಒಂದು ಕೈಯಲ್ಲಿ ನಳಿಕೆಯನ್ನು ಒತ್ತಿಹಿಡಿದಿದ್ದಾಗ ಸಾಧನವನ್ನು ತೆರೆಯಲು ಉಳಿಯುವುದು ಒಂದೇ ಕೈ, ಅದರಲ್ಲೂ ಕೈಗವಸು ತೊಟ್ಟ, ಒದ್ದೆಯಾಗಿರಬಹುದಾದ ಕೈ. ಅಂಟಿನ ಮೇಲಿನ ಕಾಗದವನ್ನು ಕೈಗವಸಿನ ಬೆರಳು ಹಿಡಿದು ಸುಲಿಯಬಲ್ಲದೇ, ಪುಟ್ಟ ಕ್ಲಿಪ್ ಮುಚ್ಚಿಕೊಂಡಿತೆಂದು ಮಂದ ಬೆಳಕಿನಲ್ಲಿ ಗೊತ್ತಾಗುತ್ತದೆಯೇ, ಅಂಟು ಕೈಗವಸಿಗೇ ಹಿಡಿದುಕೊಳ್ಳುತ್ತದೆಯೇ ಎಂಬಂಥ ಪ್ರಶ್ನೆಗಳು ಕಂಪ್ಯೂಟರಿನ ಪರದೆಯ ಮುಂದೆ ಹೊಳೆಯುವುದಿಲ್ಲ.

ನೋಡುವಾಗ ನಳಿಕೆಯ ಚಲನೆಗಳನ್ನು ಬಿಡಿಬಿಡಿಯಾಗಿ ಗುರುತಿಸಿ. ಹೊರಕ್ಕೆ ಎಳೆಯುವ ಚಲನೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಕೆಲವೇ ಮಿಲಿಮೀಟರಿನಷ್ಟು ಒಳಕ್ಕೂ ಹೊರಕ್ಕೂ ಪಿಸ್ಟನ್ನಿನಂತೆ ಸರಿದಾಡುವ ಚಲನೆ ಹಾನಿಯಲ್ಲಿ ಅದಕ್ಕಿಂತ ಕಡಿಮೆಯೇನಲ್ಲ, ಏಕೆಂದರೆ ಚರ್ಮದ ಮೇಲಿನ ಸೂಕ್ಷ್ಮಾಣುಗಳನ್ನು ಅದು ತೂತಿನ ದಾರಿಯಲ್ಲಿ ಒಳಗೆಳೆದುಕೊಳ್ಳುತ್ತದೆ ಮತ್ತು ರಕ್ತನಾಳದ ಒಳಗೋಡೆಯನ್ನು ಉಜ್ಜುತ್ತದೆ. ನಳಿಕೆ ತನ್ನ ಅಕ್ಷದ ಸುತ್ತ ತಿರುಗುವುದು, ಪಕ್ಕಕ್ಕೆ ಬಾಗುವುದು, ತೂತಿನ ಅಂಚಿನಲ್ಲಿ ಮಡಿಚಿಕೊಳ್ಳುವುದು, ಇವೂ ಪ್ರತ್ಯೇಕ ಸಮಸ್ಯೆಗಳೇ. ತೋಳಿನ ಅಭಿಧಮನಿಯಿಂದ ಹೃದಯದ ಸಮೀಪದವರೆಗೆ ಸಾಗುವ ಉದ್ದನೆಯ ನಳಿಕೆಯಲ್ಲಿ, ಹೊರಗೆ ಕೆಲವು ಸೆಂಟಿಮೀಟರ್ ಸರಿದರೆ ಒಳಗಿನ ತುದಿ ಇರಬೇಕಾದ ದೊಡ್ಡ ಸಿರೆಯ ಜಾಗವನ್ನು ಬಿಟ್ಟು ಬರುತ್ತದೆ. ಹಾಗಾಗಿ ನಳಿಕೆಯ ಮೇಲಿನ ಸೆಂಟಿಮೀಟರ್ ಗುರುತುಗಳನ್ನು ನಿಮ್ಮ ಸಾಧನ ಮುಚ್ಚಬಾರದು.

ಇಷ್ಟಾದ ಮೇಲೆ ಅಗತ್ಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ: ಯಾವ ರೋಗಿ, ಯಾವ ನಳಿಕೆ, ದೇಹದ ಯಾವ ಜಾಗ, ಎಷ್ಟು ದಿನ, ಯಾವ ಹಾನಿಯನ್ನು ತಡೆಯಬೇಕು. ಮೂರು ದಿನದ ಮುಂಗೈ ನಳಿಕೆಗೂ ಆರು ತಿಂಗಳ ಡಯಾಲಿಸಿಸ್ ನಳಿಕೆಗೂ ಒಂದೇ ಸಾಧನವನ್ನು ಮಾಡುತ್ತೇನೆಂದು ಹೊರಟವರಿಗೆ ಕೊನೆಗೆ ಎರಡಕ್ಕೂ ಒಗ್ಗದ ವಸ್ತುವೊಂದು ಉಳಿಯುತ್ತದೆ.

ಹಿಂದಿನವರು ಏನು ಮಾಡಿದ್ದಾರೆ

ಹೊಲಿಗೆ ಎಲ್ಲಕ್ಕಿಂತ ಹಳೆಯ ಉಪಾಯ, ಗಟ್ಟಿಯೂ ಹೌದು. ಆದರೆ ಪ್ರತಿ ಹೊಲಿಗೆಯೂ ಚರ್ಮದಲ್ಲಿ ಹೊಸ ತೂತು, ಅದರ ಸುತ್ತ ಉರಿಯೂತ, ಹಾಕುವವರಿಗೆ ಸೂಜಿ ಚುಚ್ಚಿಕೊಳ್ಳುವ ಭಯ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2011ರ ತನ್ನ ಮಾರ್ಗಸೂಚಿಯಲ್ಲಿ, ರಕ್ತನಾಳದ ಕ್ಯಾಥೆಟರ್‌ಗಳಿಗೆ ಸೋಂಕನ್ನು ತಗ್ಗಿಸಲು ಹೊಲಿಗೆಯಿಲ್ಲದ ಹಿಡಿಕೆ ಸಾಧನವನ್ನು ಬಳಸುವಂತೆ ಸೂಚಿಸಿತು. ಅಂಟುತಳದ ಮೇಲೆ ಪ್ಲಾಸ್ಟಿಕ್ ಕ್ಲಿಪ್ ಕೂರಿಸಿದ ಸಾಧನಗಳು, ತೂತಿನ ಬಾಯಿಯನ್ನೇ ಮುಚ್ಚಿ ರಕ್ತ ಜಿನುಗದಂತೆ ತಡೆಯುವ ಸೈನೋಅಕ್ರಿಲೇಟ್ ಅಂಟು, ತೂತಿನ ಮೂಲಕವೇ ಒಳಹೋಗಿ ಚರ್ಮದ ಅಡಿಯಲ್ಲಿ ಎರಡು ಪುಟ್ಟ ಕಾಲುಗಳನ್ನು ಚಾಚಿಕೊಂಡು ಕೂರುವ ಲಂಗರು, ಹೀಗೆ ದಾರಿಗಳು ಹಲವಾಗಿವೆ. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲಿ ತೋಳಿನ ಉದ್ದನೆಯ ನಳಿಕೆಗಳಿಗೆ ಸೆಕ್ಯೂರಕ್ಯಾಥ್ ಎಂಬ ಅಂಥ ಲಂಗರನ್ನು ಪರಿಗಣಿಸಬಹುದೆಂದು ಹೇಳಿತು.

ಎಲ್ಲಕ್ಕಿಂತ ಸುಂದರವಾದ ಉಪಾಯವೆಂದು ನನಗೆ ತೋರುವುದು ದೇಹವನ್ನೇ ಹಿಡಿಕೆಯಾಗಿ ಬಳಸಿಕೊಂಡದ್ದು. ಹೆನ್ರಿ ಟೆಂಕಾಫ್ 1968ರಲ್ಲಿ ಪ್ರಕಟಿಸಿದ ಹೊಟ್ಟೆಯ ಡಯಾಲಿಸಿಸ್ ಕ್ಯಾಥೆಟರಿನಲ್ಲಿ ಡ್ಯಾಕ್ರಾನ್ ನಾರಿನ ಪಟ್ಟಿಗಳಿವೆ. ದೊಡ್ಡ ಅಭಿಧಮನಿಯಲ್ಲಿ ಬಹುಕಾಲ ಇಡುವ, 1970ರ ದಶಕದ ಬ್ರೋವಿಯಾಕ್ ಮತ್ತು ಹಿಕ್‌ಮನ್ ಕ್ಯಾಥೆಟರ್‌ಗಳೂ ಅದೇ ಹಾದಿ ಹಿಡಿದವು. ಚರ್ಮದಡಿಯ ಸುರಂಗದಲ್ಲಿ ಕುಳಿತ ನಾರಿನೊಳಗೆ ಅಂಗಾಂಶ ಬೆಳೆದು ಹೆಣೆದುಕೊಂಡು, ಮೂರು ನಾಲ್ಕು ವಾರಗಳಲ್ಲಿ ನಳಿಕೆಯನ್ನು ಹಿಡಿಯುವುದರ ಜೊತೆಗೆ ಸೂಕ್ಷ್ಮಾಣುಗಳ ದಾರಿಗೂ ಅಡ್ಡಗೋಡೆಯಾಗುತ್ತದೆ. ಆದರೆ ಆ ವಾರಗಳು ಕಳೆಯುವವರೆಗೆ ಬೇರೊಂದು ತಾತ್ಕಾಲಿಕ ಹಿಡಿಕೆ ಬೇಕೇ ಬೇಕು. ಹೊಸ ಸಾಧನಕ್ಕೆ ಅವಕಾಶವಿರುವ ಒಂದು ಜಾಗ ಅದು.

ಪೇಟೆಂಟ್ ಹುಡುಕುವಾಗ ಅಂತರರಾಷ್ಟ್ರೀಯ ವರ್ಗೀಕರಣದ ಎ61ಎಂ 25/02 ಎಂಬ ವಿಭಾಗದಿಂದ ಆರಂಭಿಸಿ. ಕ್ಯಾಥೆಟರನ್ನು ದೇಹದ ಮೇಲೆ ಹಿಡಿಯುವ ಸಾಧನಗಳು ಅಲ್ಲಿ ಸೇರಿರುತ್ತವೆ. ನಿಮ್ಮ ಕಲ್ಪನೆಯನ್ನು ಸಭೆಯಲ್ಲೋ ಅಂತರ್ಜಾಲದಲ್ಲೋ ತೋರಿಸುವ ಮೊದಲೇ ಅರ್ಜಿ ಹಾಕುವುದು ಕ್ಷೇಮ, ಏಕೆಂದರೆ ಬಹಳ ದೇಶಗಳಲ್ಲಿ ಮೊದಲೇ ಬಹಿರಂಗವಾದ ವಿಷಯಕ್ಕೆ ಪೇಟೆಂಟ್ ಸಿಗುವುದಿಲ್ಲ.

ನಳಿಕೆಯ ಕಡೆಯ ಹಿಡಿತ

ಪ್ರತಿ ಹಿಡಿಕೆ ಸಾಧನಕ್ಕೂ ಎರಡು ಮುಖಗಳಿವೆ. ಒಂದು ನಳಿಕೆಯನ್ನು ಹಿಡಿಯುತ್ತದೆ, ಇನ್ನೊಂದು ದೇಹವನ್ನು ಹಿಡಿಯುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಬಿಡಿಸಿ ಪರೀಕ್ಷಿಸಿದ ಮೇಲೆಯೇ ಜೋಡಿಸಬೇಕು.

ನಳಿಕೆಯನ್ನು ಹಿಸುಕಿ ಹಿಡಿಯುವುದು ಮೊದಲು ಹೊಳೆಯುವ ಉಪಾಯ, ಮೊದಲು ಕೈಬಿಡಬೇಕಾದ ಉಪಾಯವೂ ಅದೇ. ಸಣ್ಣ ನಳಿಕೆಯಲ್ಲಿ ಶಾಂತವಾಗಿ ಹರಿಯುವ ದ್ರವದ ಪ್ರಮಾಣ ಒಳತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತದೆ; ಅಂದರೆ ಉದ್ದಕ್ಕೂ ಒಳವ್ಯಾಸ ಶೇ. 10ರಷ್ಟು ಕುಗ್ಗಿದರೆ ಅದೇ ಒತ್ತಡದಲ್ಲಿ ಹರಿವು ಸುಮಾರು ಶೇ. 34ರಷ್ಟು ಇಳಿಯುತ್ತದೆ. ಕ್ಲಿಪ್ಪಿನ ಕೆಳಗಿನ ಚಿಕ್ಕ ಭಾಗವಷ್ಟೇ ಕುಗ್ಗಿದರೆ ನಷ್ಟ ಇಷ್ಟಿರುವುದಿಲ್ಲ, ಆದರೆ ಹರಿವು ಕದಡಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇದೆ, ಮೃದುವಾದ ನಳಿಕೆ ದಿನಗಟ್ಟಲೆ ಒತ್ತಿಸಿಕೊಂಡರೆ ಹಾಗೆಯೇ ಚಪ್ಪಟೆಯಾಗಿ ಉಳಿಯುವ ಸಾಧ್ಯತೆಯೂ ಇದೆ. ಆದ್ದರಿಂದ ನಳಿಕೆಯ ಬುಡದಲ್ಲಿರುವ ಗಟ್ಟಿಯಾದ ಕೂಡುಭಾಗವನ್ನು ಅಥವಾ ಅದರ ರೆಕ್ಕೆಗಳನ್ನು ಹಿಡಿಯುವುದು ಉತ್ತಮ. ರೆಕ್ಕೆಯ ತೂತಿಗೆ ತಕ್ಕ ಗೂಟವಿದ್ದರೆ ಹಿಡಿತವು ಘರ್ಷಣೆಯನ್ನು ನಂಬಬೇಕಾಗಿಲ್ಲ, ಆಕಾರವೇ ಹಿಡಿಯುತ್ತದೆ.

ಕೂಡುಭಾಗ ಸಿಗದ ಕಡೆ ನಳಿಕೆಯನ್ನು ಬಾಗಿಸಿ ಸಾಗಿಸುವ ಕಾಲುವೆ ಉಪಯೋಗಕ್ಕೆ ಬರುತ್ತದೆ. ಬಾವಿಯ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ಹಿಡಿದಾಗ ಭಾರ ಹಗುರಾಗುವ ತತ್ವವೇ ಇಲ್ಲಿಯೂ ಇದೆ: ಸುತ್ತಿದ ಕೋನ ಹೆಚ್ಚಿದಂತೆ ಆಚೆ ಬದಿಗೆ ದಾಟುವ ಎಳೆತ ಘಾತೀಯವಾಗಿ ಇಳಿಯುತ್ತದೆ. ಘರ್ಷಣೆಯ ಗುಣಾಂಕ 0.3 ಇದ್ದರೆ, ಅರ್ಧ ಸುತ್ತಿನ ಕಾಲುವೆಯಲ್ಲಿ 10 ನ್ಯೂಟನ್ ಎಳೆತದ ಪೈಕಿ ಸುಮಾರು 4 ನ್ಯೂಟನ್ ಮಾತ್ರ ಆಚೆಗೆ ದಾಟುತ್ತದೆ, ಅದೂ ನಳಿಕೆಯನ್ನು ಒಂದಿಷ್ಟೂ ಹಿಸುಕದೆ. ಬಾಗು ಎಷ್ಟು ತಿರುವಾಗಿರಬಹುದು ಎಂಬುದನ್ನು ಅದೇ ನಳಿಕೆಯಿಂದ, ದೇಹದ ಉಷ್ಣತೆಯ ನೀರಿನಲ್ಲಿ ನೆನೆಸಿಟ್ಟು ಅಳೆಯಬೇಕು. ಪಾಲಿಯುರೆಥೇನ್ ನಳಿಕೆ ಕೋಣೆಯಲ್ಲಿ ಗಟ್ಟಿಯಾಗಿ ಕಂಡರೂ ದೇಹದ ಬಿಸಿಗೆ ಮೆದುವಾಗುತ್ತದೆ.

ವಸ್ತುಗಳ ಹೊಂದಾಣಿಕೆಯೂ ಇಲ್ಲೇ ಬರುತ್ತದೆ. ಸಿಲಿಕೋನ್ ಮೇಲ್ಮೈಗೆ ಸಾಮಾನ್ಯ ಅಕ್ರಿಲಿಕ್ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಮತ್ತು ಸಿಲಿಕೋನಿನಲ್ಲಿ ಸಣ್ಣ ಕಚ್ಚು ಬಿದ್ದರೂ ಅಲ್ಲಿಂದ ಹರಿಯುತ್ತಾ ಹೋಗುತ್ತದೆ, ಹಾಗಾಗಿ ಕ್ಲಿಪ್ಪಿಗೆ ಚೂಪಾದ ಅಂಚು ಇರಕೂಡದು. ಪಿವಿಸಿಯಲ್ಲಿರುವ ಮೆದುಕಾರಕ ದಿನಗಳೆದಂತೆ ಅಂಟಿನೊಳಗೆ ಸೇರಿ ಅದನ್ನು ಜಿಗುಟು ಲೇಪದಂತೆ ಮಾಡುತ್ತದೆ. ಮದ್ಯಸಾರ ಕೆಲವು ಪಾಲಿಯುರೆಥೇನ್‌ಗಳನ್ನು ಕೆಡಿಸುತ್ತದೆ. ನಿಮ್ಮ ಸಾಧನ ನಿರ್ದೋಷಿಯಾಗಿದ್ದರೂ ಅದನ್ನು ಅಂಟಿಸಲು ಬಳಸುವ ಶುಚಿದ್ರವ ನಳಿಕೆಯನ್ನು ಸೀಳಿಸಬಹುದು ಎಂಬುದನ್ನು ಮರೆಯಬಾರದು.

ಚರ್ಮದ ಕಡೆಯ ಹಿಡಿತ

ಚರ್ಮವನ್ನು ಒಂದು ಫಲಕವೆಂದು ಭಾವಿಸುವುದು ಈ ಕ್ಷೇತ್ರಕ್ಕೆ ಹೊಸದಾಗಿ ಬಂದವರು ಮಾಡುವ ತಪ್ಪು. ಅದು ಬೆವರುತ್ತದೆ, ಹಿಗ್ಗುತ್ತದೆ, ಜಿಡ್ಡು ಸೂಸುತ್ತದೆ, ಮೇಲುಪದರವನ್ನು ದಿನವೂ ಉದುರಿಸುತ್ತದೆ; ನಿಮ್ಮ ಅಂಟು ಎಷ್ಟೇ ಗಟ್ಟಿಯಾಗಿರಲಿ, ಅದು ಹಿಡಿದಿರುವುದು ಇಂದೋ ನಾಳೆಯೋ ಉದುರಲಿರುವ ಕೋಶಗಳನ್ನು. ಆದ್ದರಿಂದಲೇ ಇಂಥ ಅಂಟುಸಾಧನಗಳನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ಬದಲಿಸುತ್ತಾರೆ.

ಅಂಟು ಎರಡು ರೀತಿಯಲ್ಲಿ ಸೋಲುತ್ತದೆ. ಚರ್ಮಕ್ಕೆ ಸಮಾನಾಂತರವಾಗಿ ಎಳೆದಾಗ ಅಂಟಿದ ಇಡೀ ಹರಹು ಬಲವನ್ನು ಹಂಚಿಕೊಳ್ಳುತ್ತದೆ. ಮೇಲಕ್ಕೆ ಎಳೆದಾಗ ಬಲವೆಲ್ಲ ಅಂಚಿನ ಒಂದು ಗೆರೆಯ ಮೇಲೆ ಬಿದ್ದು ಪಟ್ಟಿ ಸುಲಿದು ಬರುತ್ತದೆ. ಆದಕಾರಣ ನಳಿಕೆಯನ್ನು ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ, ಚಪ್ಪಟೆಯಾಗಿ ಸಾಗಿಸಿ. ಕ್ಲಿಪ್ಪಿನ ಎತ್ತರ ಒಂದೊಂದು ಮಿಲಿಮೀಟರ್ ಹೆಚ್ಚಿದಂತೆಯೂ ಎಳೆತ ಅಂಚನ್ನು ಮೇಲೆತ್ತುವ ಸನ್ನೆಗೋಲಾಗುತ್ತದೆ. ತಳದ ಮೂಲೆಗಳು ದುಂಡಗಿರಲಿ, ಅಂಚಿನ ಕಡೆಗೆ ಪಟ್ಟಿ ತೆಳುವಾಗುತ್ತಾ ಮೆದುವಾಗುತ್ತಾ ಹೋಗಲಿ. ಗಟ್ಟಿ ಪ್ಲಾಸ್ಟಿಕ್ಕಿನ ತಳ ನೇರವಾಗಿ ಚರ್ಮದ ಮೇಲೆ ಕೂತರೆ ಒತ್ತುಹುಣ್ಣಾಗುತ್ತದೆ, ನಡುವೆ ನೊರೆಪದರ ಬೇಕು. ತೂತಿನ ಸುತ್ತಲ ಚರ್ಮ ಕೆಂಪಾಗಿದೆಯೇ ಎಂದು ಪಟ್ಟಿಯನ್ನು ಬಿಚ್ಚದೆಯೇ ನೋಡುವಂತಿರಬೇಕು, ಒಳಗಿನ ತೇವ ಆವಿಯಾಗಿ ಹೊರಹೋಗುವಂತಿರಬೇಕು.

ಅಂಟು ಗಟ್ಟಿಯಾದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ಪೂರ್ತಿಯಾಗಿ ಬಿಡಬೇಕು. ವೈದ್ಯಕೀಯ ಅಂಟಿನಿಂದ ಚರ್ಮಕ್ಕಾಗುವ ಗಾಯಗಳ ಕುರಿತು 2013ರಲ್ಲಿ ತಜ್ಞರ ಒಮ್ಮತದ ಹೇಳಿಕೆಯೊಂದು ಹೊರಬಂದ ಮೇಲೆ, ಅದುವರೆಗೆ ಅನಿವಾರ್ಯವೆಂದು ಸಹಿಸಿಕೊಳ್ಳುತ್ತಿದ್ದ ಬೊಬ್ಬೆ, ಸಿಪ್ಪೆಯೇಳುವಿಕೆ, ಚರ್ಮ ಹರಿಯುವಿಕೆಗಳಿಗೆ ಒಂದು ಹೆಸರು ಸಿಕ್ಕಿತು. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಮೇಲುಚರ್ಮ ಇನ್ನೂ ಬಲಿತಿರುವುದಿಲ್ಲ. ವೃದ್ಧರಲ್ಲಿ ಮೇಲುಪದರಕ್ಕೂ ಒಳಪದರಕ್ಕೂ ನಡುವಿನ ಬೆಸುಗೆ ಸಡಿಲವಾಗಿರುತ್ತದೆ. ಅಂಥವರಲ್ಲಿ ಅಂಟು ಚರ್ಮವನ್ನು ಬಿಡುವ ಬದಲು ಚರ್ಮವೇ ದೇಹವನ್ನು ಬಿಟ್ಟು ಬರುತ್ತದೆ. ಸಿಲಿಕೋನ್ ಅಂಟು ಅಕ್ರಿಲಿಕ್‌ನಷ್ಟು ಗಟ್ಟಿಯಲ್ಲ, ಆದರೆ ಮೃದುವಾಗಿ ಬಿಡುತ್ತದೆ. ಕಡಿಮೆ ಬಲದ ಅಂಟನ್ನು ಹೆಚ್ಚು ಹರಹಿಗೆ ಹಂಚುವುದು ಇಲ್ಲಿ ನಾನು ಮೆಚ್ಚುವ ದಾರಿ.

ದೇಹದೊಳಗಿನ ಹಿಡಿತ

ಇಂಪ್ಲಾಂಟ್‌ಗಳ ವಿಷಯದಲ್ಲಿ ತತ್ವ ಅದೇ, ಆದರೆ ಕಾಲದ ಅಳತೆ ಬದಲಾಗುತ್ತದೆ. ಇಲ್ಲಿ ಸಾಮಾನ್ಯವಾಗಿ ಎರಡು ಹಿಡಿತಗಳು ಬೇಕು: ನೆಟ್ಟ ಕ್ಷಣದಿಂದ ಹಿಡಿಯುವ ಯಾಂತ್ರಿಕ ಹಿಡಿತ ಒಂದು, ವಾರಗಳ ನಂತರ ಅಂಗಾಂಶ ಬೆಳೆದು ಕೊಡುವ ಜೈವಿಕ ಹಿಡಿತ ಮತ್ತೊಂದು. ಮೊದಲನೆಯದು ಎರಡನೆಯದಕ್ಕೆ ಬಿಡುವು ಮಾಡಿಕೊಡಬೇಕು.

ಮೂಳೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರಾನೆಮಾರ್ಕ್ 1950ರ ದಶಕದಲ್ಲಿ ಮೊಲಗಳ ಮೂಳೆಗೆ ಟೈಟೇನಿಯಂನ ಪುಟ್ಟ ವೀಕ್ಷಣಾ ಗೂಡುಗಳನ್ನು ಕೂರಿಸಿ ರಕ್ತದ ಹರಿವನ್ನು ಅಧ್ಯಯನ ಮಾಡುತ್ತಿದ್ದಾಗ, ಅವು ಮೂಳೆಯಿಂದ ಬಿಡಿಸಲಾಗದಂತೆ ಬೆಸೆದುಕೊಂಡಿರುವುದನ್ನು ಗಮನಿಸಿದರು. 1965ರಲ್ಲಿ ಮೊದಲ ರೋಗಿಗೆ ದಂತ ಇಂಪ್ಲಾಂಟ್ ಹಾಕಿದರು. ರಂಧ್ರಮಯ ಮೇಲ್ಮೈಯೊಳಗೆ ಮೂಳೆ ಬೆಳೆಯಬೇಕಾದರೆ ರಂಧ್ರಗಳು ಸುಮಾರು 100ರಿಂದ 400 ಮೈಕ್ರೋಮೀಟರ್ ಇರುವುದು ಅನುಕೂಲ. ಅದಕ್ಕಿಂತ ನಿರ್ಣಾಯಕವಾದದ್ದು ಅಲುಗಾಟ. ನಡೆದಾಡುವಾಗ ಇಂಪ್ಲಾಂಟ್ ಮೂಳೆಯ ಎದುರು ಕೆಲವು ಹತ್ತು ಮೈಕ್ರೋಮೀಟರಿನಷ್ಟು ಮಾತ್ರ ಕದಲಿದರೆ ಮೂಳೆ ಒಳಬೆಳೆಯುತ್ತದೆ. 150 ಮೈಕ್ರೋಮೀಟರ್ ಮೀರಿದರೆ ಮೂಳೆಯ ಬದಲು ನಾರಿನ ಅಂಗಾಂಶ ಬೆಳೆದು ಇಂಪ್ಲಾಂಟ್ ಎಂದೆಂದಿಗೂ ಸಡಿಲವಾಗಿಯೇ ಉಳಿಯುತ್ತದೆ. ತಲೆಗೂದಲ ದಪ್ಪದ ಆಸುಪಾಸಿನ ಅಳತೆಗಳಿವು. ಇದೇ ಕಾರಣಕ್ಕೆ ಮೊದಲ ದಿನದ ಬಿಗಿತದಲ್ಲಿ ಯಾವ ರಾಜಿಯೂ ಸಲ್ಲದು. ಬ್ರಿಟನ್ನಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿ ಸೊಂಟದ ಕೀಲು ಬದಲಾವಣೆಯಲ್ಲಿ ಬಳಸಿದ ಮೂಳೆ ಸಿಮೆಂಟು ಈ ತೊಡಕನ್ನು ಬೇರೆ ರೀತಿಯಲ್ಲಿ ಬಗೆಹರಿಸಿತು: ಅದು ಅಂಟುವುದಿಲ್ಲ, ಮೂಳೆಯ ಸಂದುಗೊಂದುಗಳಿಗೆ ಇಳಿದು ಗಟ್ಟಿಯಾಗಿ ಬಲವನ್ನು ಹಂಚುತ್ತದೆ. ಹಿಡಿತ ಅತಿಯಾದರೂ ಕೇಡಿದೆ. ಟೈಟೇನಿಯಂ ಮಿಶ್ರಲೋಹದ ಬಿಗುಪು, ಅಂದರೆ ಬಲಕ್ಕೆ ಬಾಗದಿರುವ ಗುಣ, ಸುಮಾರು 110 ಗಿಗಾಪಾಸ್ಕಲ್, ಗಟ್ಟಿ ಮೂಳೆಯದು 20ರ ಆಸುಪಾಸು. ಭಾರವನ್ನೆಲ್ಲ ಲೋಹವೇ ಹೊತ್ತರೆ ಕೆಲಸವಿಲ್ಲದ ಮೂಳೆ ಸವೆಯುತ್ತದೆ, ಕೊನೆಗೆ ಹಿಡಿಯಲು ಮೂಳೆಯೇ ಉಳಿಯುವುದಿಲ್ಲ.

ಹೃದಯದ ಪೇಸ್‌ಮೇಕರ್ ಇನ್ನೊಂದು ಪಾಠಶಾಲೆ. ಅದರ ತಂತಿಯ ತುದಿಯಲ್ಲಿ ಹೃದಯದ ಸ್ನಾಯುಜಾಲಕ್ಕೆ ಸಿಕ್ಕಿಕೊಳ್ಳುವ ಮೆದು ಕೊಕ್ಕೆಗಳಿರುತ್ತವೆ, ಇಲ್ಲವೇ ಸ್ನಾಯುವಿನೊಳಗೆ ತಿರುಗಿಸಿ ಕೂರಿಸುವ ಸುರುಳಿ ಇರುತ್ತದೆ. ಎದೆಯ ಬಳಿ ತಂತಿಯನ್ನು ಕಟ್ಟುವಾಗ ದಾರವನ್ನು ನೇರವಾಗಿ ತಂತಿಯ ಮೇಲೆ ಬಿಗಿಯುವುದಿಲ್ಲ, ಹೊದಿಕೆ ಕತ್ತರಿಸೀತೆಂದು ಒಂದು ತೋಳಿನಂಥ ಕವಚದ ಮೇಲೆ ಕಟ್ಟುತ್ತಾರೆ. ಇಷ್ಟು ಮಾಡಿಯೂ, ಚರ್ಮದಡಿಯ ಪೆಟ್ಟಿಗೆಯನ್ನು ರೋಗಿ ತಿಳಿದೋ ತಿಳಿಯದೆಯೋ ತಿರುಗಿಸುತ್ತಾ ಹೋದರೆ ತಂತಿ ಸುತ್ತಿಕೊಂಡು ತುದಿ ಕಿತ್ತುಬರುತ್ತದೆ. 1968ರಲ್ಲೇ ವರದಿಯಾದ ಈ ತೊಂದರೆಗೆ ಟ್ವಿಡ್ಲರ್ ಸಿಂಡ್ರೋಮ್ ಎಂದು ಹೆಸರು. ತುದಿಯನ್ನು ಎಷ್ಟು ಗಟ್ಟಿಮಾಡಿದರೂ ಇನ್ನೊಂದು ಕೊನೆ ತಿರುಗುತ್ತಿದ್ದರೆ ಪ್ರಯೋಜನವಿಲ್ಲ. 2016ರಲ್ಲಿ ಅಮೆರಿಕದ ಅನುಮತಿ ಪಡೆದ ತಂತಿರಹಿತ ಪೇಸ್‌ಮೇಕರ್ ಮೈಕ್ರಾ ನಿಟಿನಾಲ್ ಎಂಬ ನಿಕ್ಕಲ್-ಟೈಟೇನಿಯಂ ಮಿಶ್ರಲೋಹದ ನಾಲ್ಕು ಕೊಕ್ಕೆಗಳಿಂದ ಹೃದಯದ ಒಳಗೋಡೆಯನ್ನು ಹಿಡಿಯುತ್ತದೆ; ಬಿಡುಗಡೆ ಮಾಡುವ ಮೊದಲು ವೈದ್ಯರು ಮೆಲ್ಲಗೆ ಎಳೆದು, ಕನಿಷ್ಠ ಎರಡು ಕೊಕ್ಕೆಗಳು ಕಚ್ಚಿವೆಯೇ ಎಂದು ಎಕ್ಸ್-ಕಿರಣದಲ್ಲಿ ನೋಡುತ್ತಾರೆ. ಹಿಡಿತ ಕೂತಿದೆಯೋ ಇಲ್ಲವೋ ಎಂದು ಆ ಕ್ಷಣದಲ್ಲೇ ತಿಳಿಯುವ ಇಂಥದೊಂದು ವ್ಯವಸ್ಥೆ ನಿಮ್ಮ ಸಾಧನದಲ್ಲೂ ಇರಬೇಕು, ಕೇಳಿಸುವ ಕ್ಲಿಕ್ ಶಬ್ದವಾದರೂ ಸರಿ.

ತೆಗೆಯುವುದನ್ನು ಮೊದಲೇ ಯೋಚಿಸಿ

ಹಾಕುವ ವಿಧಾನದ ಮೇಲೆ ತಿಂಗಳುಗಟ್ಟಲೆ ದುಡಿದ ವಿನ್ಯಾಸಕಾರರೂ ತೆಗೆಯುವುದನ್ನು ಕೊನೆಯ ವಾರಕ್ಕೆ ಬಿಡುತ್ತಾರೆ. ಕ್ಲಿಪ್ಪನ್ನು ತೆರೆಯಲು ಕತ್ತರಿ ಬೇಕಾದರೆ ಒಂದಲ್ಲ ಒಂದು ದಿನ ನಳಿಕೆಯೂ ಕತ್ತರಿಸಿಹೋಗುತ್ತದೆ, ತುಂಡು ರಕ್ತನಾಳದೊಳಗೆ ಸಾಗಿಹೋಗುತ್ತದೆ. ಆದ್ದರಿಂದ ಸಲಕರಣೆಯಿಲ್ಲದೆ ತೆರೆಯುವಂತಿರಬೇಕು, ಆದರೆ ರೋಗಿ ಅರಿವಿಲ್ಲದೆ ತೆರೆಯುವಂತಿರಬಾರದು. ಇದಕ್ಕೆ ಎರಡು ಬೇರೆ ದಿಕ್ಕಿನ ಚಲನೆಗಳು ಒಟ್ಟಿಗೆ ಬೇಕಾಗುವ ಬೀಗ ಸಾಕಷ್ಟಾಯಿತು. ಅಂಟುಪಟ್ಟಿಗೆ ಅಂಟಿಲ್ಲದ ಒಂದು ಹಿಡಿಮೂಲೆ ಇರಲಿ. ಪಟ್ಟಿಯನ್ನು ಅದರ ಮೇಲೇ ಹಿಂದಕ್ಕೆ ಮಡಿಸಿ, ಚರ್ಮವನ್ನು ಇನ್ನೊಂದು ಕೈಯಿಂದ ಒತ್ತಿಹಿಡಿದು, ನಿಧಾನವಾಗಿ ಬಿಡಿಸಬೇಕೆಂದು ಚಿತ್ರದ ಮೂಲಕ ತೋರಿಸಿ. ಲೋಹದ ಭಾಗವಿದ್ದರೆ ಎಂಆರ್‌ಐ ಕೋಣೆಯಲ್ಲಿ ಏನಾಗುತ್ತದೆಂದು ಮೊದಲೇ ಉತ್ತರ ಹುಡುಕಿಡಿ.

ಮೂಲಮಾದರಿ ಮತ್ತು ಪರೀಕ್ಷೆ

ಮೊದಲ ಮಾದರಿಗಳು ರಟ್ಟು, ಮಣ್ಣು, ತ್ರೀಡಿ ಮುದ್ರಣದ ಪ್ಲಾಸ್ಟಿಕ್‌ಗಳಿಂದಾಗಲಿ. ಒಂದನ್ನು ಚೆಂದಗೊಳಿಸುವುದಕ್ಕಿಂತ ಹತ್ತನ್ನು ಮುರಿಯುವುದು ಲಾಭ. ಎಳೆತದ ಪರೀಕ್ಷೆಗೆ ಬಲಮಾಪಕವೊಂದು ಸಾಕು. ಎಷ್ಟು ಬಲವನ್ನು ಗುರಿಯಾಗಿಟ್ಟುಕೊಳ್ಳಬೇಕು ಎನ್ನುವುದಕ್ಕೆ ಒಂದು ಆಸರೆ ಇದೆ: ರಕ್ತನಾಳದ ಕ್ಯಾಥೆಟರ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 10555-1ರ ಪ್ರಕಾರ 2 ಮಿಲಿಮೀಟರಿಗಿಂತ ದಪ್ಪನಾದ ನಳಿಕೆ ಕನಿಷ್ಠ 15 ನ್ಯೂಟನ್, ಅಂದರೆ ಸುಮಾರು ಒಂದೂವರೆ ಕಿಲೋಗ್ರಾಂ ತೂಕದಷ್ಟು ಎಳೆತವನ್ನು ತುಂಡಾಗದೆ ತಾಳಬೇಕು, ಅತಿ ಸಣ್ಣ ನಳಿಕೆಗಳಿಗೆ ಈ ಮಿತಿ 3 ನ್ಯೂಟನ್ನಿನವರೆಗೂ ಇಳಿಯುತ್ತದೆ. ಹಿಡಿಕೆಯು ನಳಿಕೆ ತಾಳುವ ಬಲಕ್ಕಿಂತ ಕಡಿಮೆ ಬಲದಲ್ಲೇ ಬಿಡಬೇಕು, ಆದರೆ ದಿನನಿತ್ಯದ ಎಳೆತಗಳಿಗೆ ಬಿಡಬಾರದು. ನಿಧಾನದ ಎಳೆತ, ಥಟ್ಟನೆ ಬೀಳುವ ತೂಕದ ಜಗ್ಗಾಟ, ಸಾವಿರಾರು ಸಲ ಸಣ್ಣದಾಗಿ ಅಲುಗಿಸುವುದು, ಈ ಮೂರನ್ನೂ ನೇರ, ಅಡ್ಡ ಮತ್ತು ಮೇಲ್ಮುಖ ದಿಕ್ಕುಗಳಲ್ಲಿ, ಒಣ ಮತ್ತು ಒದ್ದೆ ಸ್ಥಿತಿಗಳಲ್ಲಿ ಮಾಡಿ. ಹಂದಿಯ ಚರ್ಮ ಪ್ರಯೋಗಾಲಯದಲ್ಲಿ ಮನುಷ್ಯರ ಚರ್ಮಕ್ಕೆ ಹತ್ತಿರದ ಬದಲಿ; ಆದರೆ ಅದು ಬೆವರುವುದಿಲ್ಲ, ಆದಕಾರಣ ಬರೀ ಸಾಧನವನ್ನು, ನಳಿಕೆಯಿಲ್ಲದೆ, ಒಪ್ಪಿಗೆ ಕೊಟ್ಟ ಆರೋಗ್ಯವಂತರ ಚರ್ಮದ ಮೇಲೆ ವಾರವಿಡೀ ಇಟ್ಟು ನೋಡುವ ಅಧ್ಯಯನವೂ ನೈತಿಕ ಸಮಿತಿಯ ಅನುಮತಿಯೊಂದಿಗೆ ಬೇಕಾಗುತ್ತದೆ.

ಬಳಕೆದಾರರ ಪರೀಕ್ಷೆಯನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಔಷಧ ಮತ್ತು ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ ಅಂತಿಮ ಪರೀಕ್ಷೆಗೆ ಪ್ರತಿ ಬಳಕೆದಾರ ಗುಂಪಿನಿಂದ ಕನಿಷ್ಠ 15 ಜನರನ್ನು ಸೂಚಿಸುತ್ತದೆ. ಅವರಿಗೆ ಸಾಧನವನ್ನು ಕೊಟ್ಟು ಸುಮ್ಮನೆ ನಿಲ್ಲಬೇಕು. ನೀವು ಬಾಯಿಬಿಟ್ಟು ಸಹಾಯ ಮಾಡಬೇಕೆನ್ನಿಸುವ ಪ್ರತಿ ಕ್ಷಣವೂ ವಿನ್ಯಾಸದ ಒಂದು ದೋಷದ ಗುರುತು.

ಮಾನದಂಡಗಳ ಪಟ್ಟಿ ದೊಡ್ಡದು, ಆದರೆ ಆರಂಭದಲ್ಲೇ ಗೊತ್ತಿರಬೇಕಾದವು ಕೆಲವು. ಅಪಾಯ ನಿರ್ವಹಣೆಗೆ ಐಎಸ್‌ಒ 14971, ಗುಣಮಟ್ಟ ವ್ಯವಸ್ಥೆಗೆ ಐಎಸ್‌ಒ 13485, ವಸ್ತುವಿನ ಜೈವಿಕ ಸುರಕ್ಷತೆಗೆ ಐಎಸ್‌ಒ 10993 ಸರಣಿ. ಕೊನೆಯದು ಸಂಪರ್ಕದ ಅವಧಿಯನ್ನು 24 ಗಂಟೆಯೊಳಗೆ, 30 ದಿನದವರೆಗೆ, ಅದಕ್ಕೂ ಮೀರಿ ಎಂದು ವಿಂಗಡಿಸುತ್ತದೆ, ಮತ್ತು ವಾರವಾರವೂ ಬದಲಿಸುವ ಪಟ್ಟಿಯ ಅವಧಿಯನ್ನು ಒಟ್ಟುಗೂಡಿಸಿ ಎಣಿಸಬೇಕಾಗುತ್ತದೆ. ಅಮೆರಿಕದಲ್ಲಿ ರಕ್ತನಾಳದ ಕ್ಯಾಥೆಟರಿನ ಹಿಡಿಕೆ ಕಡಿಮೆ ಅಪಾಯದ ಮೊದಲ ವರ್ಗದಲ್ಲಿದೆ, ಪೇಸ್‌ಮೇಕರ್ ಮೂರನೆಯದರಲ್ಲಿದೆ. ಮಾಡಬೇಕಾದ ಕೆಲಸದ ಅಂತರವೂ ಅಷ್ಟೇ ದೊಡ್ಡದು. ಶುದ್ಧೀಕರಣದ ವಿಧಾನವನ್ನು ವಸ್ತು ಆರಿಸುವಾಗಲೇ ತೀರ್ಮಾನಿಸಿ: ಗ್ಯಾಮಾ ಕಿರಣಕ್ಕೆ ಸಾಮಾನ್ಯ ಪಾಲಿಪ್ರೊಪಿಲೀನ್ ಪೆಡಸಾಗಿ, ಕ್ಲಿಪ್ಪಿನ ಕೀಲು ಎರಡನೇ ಸಲ ತೆರೆದಾಗಲೇ ಮುರಿಯಬಹುದು. ಶೇಖರಣಾ ಅವಧಿಯನ್ನು ತಿಳಿಯಲು ಬಿಸಿಯಲ್ಲಿಟ್ಟು ಬೇಗ ಹಳತಾಗಿಸುವ ವಿಧಾನವಿದೆ; ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ವೇಗ ಇಮ್ಮಡಿಸುತ್ತದೆಂಬ ಅಂದಾಜಿನಲ್ಲಿ 55 ಡಿಗ್ರಿಯಲ್ಲಿ 37 ದಿನವೆಂದರೆ 22 ಡಿಗ್ರಿಯಲ್ಲಿ ಒಂದು ವರ್ಷಕ್ಕೆ ಸಮ. ಅಂಟಿಗೆ ಈ ಲೆಕ್ಕ ಯಾವಾಗಲೂ ಒಪ್ಪುವುದಿಲ್ಲ, ನಿಜವಾದ ಕಾಲದಲ್ಲೂ ಜೊತೆಜೊತೆಗೆ ಪರೀಕ್ಷಿಸುತ್ತಿರಬೇಕು.

ಸಾಧನ ಬಳಕೆಗೆ ಬಂದ ಮೇಲೆ, ಕಳಚಿಬಂದ ಪ್ರತಿಯೊಂದನ್ನೂ ಎಸೆಯದೆ ನಿಮಗೆ ತಲುಪಿಸುವಂತೆ, ಸೋಂಕು ಹರಡದ ರೀತಿಯಲ್ಲಿ, ಆಸ್ಪತ್ರೆಯೊಂದಿಗೆ ಏರ್ಪಾಡು ಮಾಡಿಕೊಳ್ಳಿ. ಪಟ್ಟಿಯ ಅಂಟು ಶುಚಿಯಾಗಿ ಹೊಳೆಯುತ್ತಿದ್ದರೆ ಚರ್ಮ ಒಣಗುವ ಮೊದಲೇ ಅಂಟಿಸಿದ್ದಾರೆ. ಅಂಟಿನ ಮೇಲೆ ಬಿಳಿಯ ಪುಡಿಯಂತೆ ಚರ್ಮದ ಕೋಶಗಳಿದ್ದರೆ ಅದು ತನ್ನ ಅವಧಿಯನ್ನು ಮುಗಿಸಿದೆ. ಅಂಟು ಎರಡು ಪದರವಾಗಿ ಸೀಳಿ ಅರ್ಧ ಚರ್ಮದ ಮೇಲೆ ಉಳಿದಿದ್ದರೆ ಮೆದುಕಾರಕವೋ ಶುಚಿದ್ರವವೋ ಅದನ್ನು ಕೆಡಿಸಿದೆ ಎಂದು ಮೊದಲು ಶಂಕಿಸಿ. ಒಂದು ಅಂಚಿನಿಂದ ಮಾತ್ರ ಸುಲಿದಿದ್ದರೆ ಆ ಅಂಚು ದೇಹದ ಯಾವ ಬದಿಗಿತ್ತೆಂದು ಕೇಳಿ, ಮೊದಲ ದಿನ ಬರೆದ ಬಲದ ದಾರಿಯ ಚಿತ್ರದ ಪಕ್ಕದಲ್ಲಿಟ್ಟು ನೋಡಿ.